ಹಳೆಯ ಕಾರು, ಹಳೆಯ ಬಾಕಿ

ವಿಜಯವಾಡದ ಒಂದು ಕನ್ನಡ ಹೋಟೆಲಿನ ಗಲ್ಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕುಳಿತ ನಮ್ಮ ವಾಚಕರೊಬ್ಬರು ಕೆಲವು ತಿಂಗಳ ಹಿಂದೆ ನಮಗೊಂದು ಕಾಗದ ಬರೆದಿದ್ದರು. ಹೋಟೆಲಿನ ಧಣಿಗಳು ತೀರಿಕೊಂಡರು. ಮಕ್ಕಳಿಗೆ ಈ ವ್ಯಾಪಾರ ಬೇಡವಾಯಿತು. ಕಟ್ಟಡದ ಕರಾರು ಮುಗಿಯುತ್ತಲೇ ಬಾಗಿಲು ಹಾಕಿದರು. ಲೆಕ್ಕ ಚುಕ್ತಾ ಮಾಡುವ ದಿನ ಹಿರಿಯ ಮಗ ಇವರನ್ನು ಕರೆದು, "ಅಪ್ಪನ ಕಾರು ಆಟೋನಗರದ ಶೆಡ್ಡಿನಲ್ಲಿದೆ. ನಿಮ್ಮ ಬಾಕಿಯ ಬಾಬ್ತು ಅದನ್ನೇ ಇಟ್ಟುಕೊಳ್ಳಿ. ಈಗ ಅಂಥ ಕಾರಿಗೆ ಲಕ್ಷಗಟ್ಟಲೆ ಬೆಲೆಯಿದೆ" ಎಂದರಂತೆ. ಕಾರು ಹಿಂದುಸ್ತಾನ್ ಮೋಟರ್ಸಿನವರ ಕಾಂಟೆಸಾ, 1998ರದು, ಉಡುಪಿಯ ಕೆ.ಎ. 20 ನಂಬರಿನದು, ಹನ್ನೆರಡು ವರ್ಷಗಳಿಂದ ಟಾರ್ಪಾಲಿನ ಕೆಳಗೆ ನಿಂತುದು. ತೆಗೆದುಕೊಳ್ಳಲೇ, ಬಿಡಲೇ ಎಂಬುದು ಅವರ ಪ್ರಶ್ನೆ.

ಒಬ್ಬರ ಖಾಸಗಿ ಲೆಕ್ಕಾಚಾರವನ್ನು ಪತ್ರಿಕೆಯ ಅಂಕಣಕ್ಕೆ ತರುವುದೇಕೆ ಎಂದು ಕೆಲವರು ಕೇಳಬಹುದು. ಪರವೂರುಗಳಿಗೆ ಬಂದು ಹೋಟೆಲು ಕಟ್ಟಿದ ತಲೆಮಾರು ಈಗ ಒಂದೊಂದಾಗಿ ಸರಿಯುತ್ತಿದೆ. ಅವರ ಹಿಂದೆ ಉಳಿಯುವ ಸಾಮಾನುಗಳಲ್ಲಿ ರುಬ್ಬುವ ಯಂತ್ರ, ಹಿತ್ತಾಳೆಯ ಹಂಡೆ, ಬೀಟೆಯ ಗಲ್ಲೆಪೆಟ್ಟಿಗೆಗಳ ಜೊತೆಗೆ ಒಮ್ಮೊಮ್ಮೆ ಒಂದು ಹಳೆಯ ಕಾರೂ ಇರುತ್ತದೆ. ಇವುಗಳಿಗೆ ಬೆಲೆ ಕಟ್ಟುವ ಕೆಲಸ ಧಣಿಯ ಮಕ್ಕಳಿಗೂ ಬರುತ್ತದೆ, ಕೆಲಸದವರ ಪಾಲಿಗೂ ಬರುತ್ತದೆ. ಆದಕಾರಣ ನಾವು ವಿಜಯವಾಡಕ್ಕೆ ಹೋದಾಗ ಆ ವಾಚಕರನ್ನು ಕಂಡು, ಅವರೊಡನೆಯೇ ಆಟೋನಗರಕ್ಕೆ ಹೋಗಿ ಕಾರನ್ನು ನೋಡಿಬಂದೆವು. ಕಂಡದ್ದನ್ನೂ ನಮಗೆ ತೋಚಿದುದನ್ನೂ ಇಲ್ಲಿ ಬರೆಯುತ್ತೇವೆ.

ಮೊದಲು ಕಾರಿನ ಮಾತು. ಅಮೆರಿಕದವರು ‘ಮಸಲ್ ಕಾರು’ ಎಂದು ಕರೆಯುವ ಒಂದು ಜಾತಿಯುಂಟು. ನಾವು ಪೈಲ್ವಾನ ಕಾರು ಎಂದರೆ ತಪ್ಪಾಗದು. 1964ರಲ್ಲಿ ಅಲ್ಲಿಯ ಪಾಂಟಿಯಾಕ್ ಕಂಪೆನಿ ಸಾಧಾರಣ ಗಾತ್ರದ ಒಡಲಿನೊಳಗೆ ಆರು ಸಾವಿರ ಸಿ.ಸಿ.ಗೂ ಮೀರಿದ ಎಂಟು ಸಿಲಿಂಡರಿನ ಎಂಜಿನನ್ನು ಕೂಡಿಸಿ ಜಿ.ಟಿ.ಓ. ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಆ ಪಂಕ್ತಿಯ ಮೊದಲನೆಯದೆಂದು ಅದನ್ನೇ ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ದೇಶದಲ್ಲಿ ಹಾಗೆ ಕರೆಸಿಕೊಂಡದ್ದು ಕಾಂಟೆಸಾ. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯವರು ಎಪ್ಪತ್ತರ ದಶಕದಲ್ಲಿ ತಯಾರಿಸಿ ನಿಲ್ಲಿಸಿದ್ದ ಮಾದರಿಯ ಅಚ್ಚುಗಳನ್ನು ಹಿಂದುಸ್ತಾನ್ ಮೋಟರ್ಸಿನವರು ಕೊಂಡು ತಂದು, 1984ರಲ್ಲಿ ಬಂಗಾಳದ ಉತ್ತರಪಾರಾದಿಂದ ಅದನ್ನು ಹೊರತಂದರು. ಉದ್ದನೆಯ ಮೂತಿ, ಅಗಲವಾದ ಎದೆ, ಬಾಗಿಲು ಮುಚ್ಚಿದರೆ ಉಗ್ರಾಣದ ಕದದ ಸದ್ದು. ಆದರೆ ಒಳಗೆ ಇಟ್ಟದ್ದು ಅಂಬಾಸಡರಿನ 1,489 ಸಿ.ಸಿ. ಎಂಜಿನು! ಪೈಲ್ವಾನನ ಮೈಯೊಳಗೆ ಗುಮಾಸ್ತನ ಗುಂಡಿಗೆ. (ಗುಮಾಸ್ತ ಬಂಧುಗಳು ಕ್ಷಮಿಸಬೇಕು, ಆ ಗುಂಡಿಗೆಯೇ ಈ ದೇಶದ ಕಚೇರಿಗಳನ್ನು ನಡೆಸಿತೆಂಬುದನ್ನು ನಾವು ಬಲ್ಲೆವು.) ಕೆಲವು ವರ್ಷಗಳ ತರುವಾಯ ಜಪಾನಿನ ಇಸುಜು ಕಂಪೆನಿಯ 1,817 ಸಿ.ಸಿ. ಪೆಟ್ರೋಲ್ ಎಂಜಿನೂ ಐದು ಗೇರುಗಳೂ ಬಂದ ಮೇಲೆ ಮೈಗೆ ತಕ್ಕ ಬಲ ಬಂದಿತು. 2002ರಲ್ಲಿ ಅದರ ತಯಾರಿಕೆ ನಿಂತಿತು. ಅದರ ಅಣ್ಣನಾದ ಅಂಬಾಸಡರೂ 2014ರಲ್ಲಿ ನಿಂತುಹೋಯಿತು.

ಆ ಕಾಲದಲ್ಲಿ ಕಾಂಟೆಸಾ ಕೊಂಡವರು ಸಾಮಾನ್ಯರಲ್ಲ. ಮಂತ್ರಿಗಳು, ಕಾರಖಾನೆಗಳ ಒಡೆಯರು. ಎಲ್ಲಿಯೋ ಒಬ್ಬಿಬ್ಬರು ಹೋಟೆಲಿನ ಧಣಿಗಳು. ತಟ್ಟೆಲೋಟ ತೊಳೆಯುವ ಕೆಲಸದಿಂದ ಮೇಲೆ ಬಂದ ಮನುಷ್ಯ ವರ್ಷಕ್ಕೊಮ್ಮೆ ಊರ ದೇವಸ್ಥಾನದ ಉತ್ಸವಕ್ಕೆ ಆ ಕಾರಿನಲ್ಲಿ ಹೋಗಿ ಇಳಿದನೆಂದರೆ ಅದರಲ್ಲಿ ಬಡಿವಾರ ಸ್ವಲ್ಪ ಇದ್ದೀತು. ಊರು ಬಿಟ್ಟ ದಿನದ ಅವಮಾನಕ್ಕೆ ಕೊಟ್ಟ ಉತ್ತರವೂ ಇದ್ದೀತು. ನಮ್ಮ ವಾಚಕರು ಆ ಕಾರಿನ ಹಿಂದಿನ ಸೀಟಿನಲ್ಲಿ ಒಮ್ಮೆ ಕುಳಿತದ್ದುಂಟು. ಅವರ ತಾಯಿ ತೀರಿಕೊಂಡ ಸುದ್ದಿ ಬಂದ ರಾತ್ರಿ ಧಣಿಗಳು ತಾವೇ ಕಾರು ತೆಗೆದು ಅವರನ್ನು ರೈಲಿಗೆ ಮುಟ್ಟಿಸಿದ್ದರಂತೆ. ಕಾರಿನ ಆಸೆ ಅವರಿಗೆ ಹತ್ತಿದ್ದು ಲಕ್ಷದ ಮಾತಿನಿಂದಲ್ಲವೆಂದು ನಮಗೆ ಆಗಲೇ ಅರ್ಥವಾಯಿತು.

ಆಟೋನಗರವನ್ನು ಕಾಣದವರಿಗೆ ಎರಡು ಮಾತು. ಮದರಾಸು-ಕಲ್ಕತ್ತೆಯ ಹೆದ್ದಾರಿಯೂ ಹೈದರಾಬಾದು-ಮಚಲೀಪಟ್ಟಣದ ಹೆದ್ದಾರಿಯೂ ವಿಜಯವಾಡದಲ್ಲಿ ಕೂಡುತ್ತವೆ. ಎರಡು ದೊಡ್ಡ ದಾರಿ ಕೂಡುವಲ್ಲಿ ಲಾರಿಗಳು ನಿಲ್ಲುತ್ತವೆ. ಲಾರಿ ನಿಂತಲ್ಲಿ ರಿಪೇರಿಯವರೂ, ಚಹಾದವರೂ, ಹೋಟೆಲಿನವರೂ ಸೇರುತ್ತಾರೆ. ಊರೊಳಗಣ ಬೀದಿಗಳಲ್ಲಿ ಚದುರಿದ್ದ ಮೆಕ್ಯಾನಿಕ್ಕುಗಳ ಕಸುಬಿಗೆ 1960ರ ದಶಕದಲ್ಲಿ ಊರ ಅಂಚಿನಲ್ಲಿ ಒಂದು ನೆಲೆಯೊದಗಿತು. ಅದೇ ಜವಾಹರ್ ಆಟೋನಗರ್. ವಿಶಾಖಪಟ್ಟಣದ ಗಾಜುವಾಕದ ಬಳಿಯೂ ಇದೇ ಹೆಸರಿನ ಬಡಾವಣೆಯೊಂದುಂಟು. ವಿಜಯವಾಡದ ಆಟೋನಗರದೊಳಗೆ ಕಾಲಿಟ್ಟರೆ ಒಂದು ಬೀದಿಯಲ್ಲಿ ಲಾರಿಗೆ ಮರದ ಮೈ ಕಟ್ಟುವವರು, ಇನ್ನೊಂದರಲ್ಲಿ ಲೇಥ್ ಯಂತ್ರದವರು, ಮತ್ತೊಂದರಲ್ಲಿ ಬರಿಯ ಸ್ಪ್ರಿಂಗ್ ಪಟ್ಟಿಯವರು, ರೇಡಿಯೇಟರಿನವರು, ಸೀಟು ಹೊಲಿಯುವವರು. ಗುಜರಿಯವರಿಗಂತೂ ಲೆಕ್ಕವೇ ಇಲ್ಲ. ಬೆಳಿಗ್ಗೆ ಏಳಕ್ಕೆಲ್ಲ ಸುತ್ತಿಗೆಯ ಸದ್ದು ಏಳುತ್ತದೆ.

ನಾವು ಕರೆದೊಯ್ದ ಮೇಸ್ತ್ರಿ ಎಪ್ಪತ್ತು ದಾಟಿದ ತೆಲುಗರು. ಟಾರ್ಪಾಲು ತೆಗೆದೊಡನೆ ನಮ್ಮ ವಾಚಕರು ಕೀಲಿ ತಿರುಗಿಸಿ ನೋಡಬೇಕೆಂದು ಬ್ಯಾಟರಿಯನ್ನು ತರಿಸಲು ಹೊರಟರು. ಮೇಸ್ತ್ರಿ ಕೈ ಹಿಡಿದು ತಡೆದರು. ಹನ್ನೆರಡು ವರ್ಷ ನಿಂತ ಎಂಜಿನಿನ ಸಿಲಿಂಡರಿನಲ್ಲಿ ಎಣ್ಣೆಯ ಪಸೆ ಆರಿ, ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಕಚ್ಚಿಕೊಂಡಿರುತ್ತವೆ. ಬಲವಂತದಿಂದ ತಿರುಗಿಸಿದರೆ ಇದ್ದುದೂ ಮುರಿಯುತ್ತದೆ. ಅವರು ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳೊಳಗೆ ಸ್ವಲ್ಪ ಸ್ವಲ್ಪವೇ ಎಣ್ಣೆ ಬಿಟ್ಟು, "ನಾಡಿದ್ದು ಬನ್ನಿ" ಎಂದರು. ನಾಡಿದ್ದು ಹೋದಾಗ ಪಾನಾ ಹಾಕಿ ಕೈಯಿಂದಲೇ ಮೆಲ್ಲನೆ ತಿರುಗಿಸಿದರು. ಮೊದಲು ಅಲುಗಲಿಲ್ಲ. ಅರ್ಧ ಗಂಟೆ ಹಿಂದಕ್ಕೂ ಮುಂದಕ್ಕೂ ಆಡಿಸಿದ ಮೇಲೆ ಒಂದು ಸುತ್ತು ಬಂದಿತು. ನಮ್ಮ ವಾಚಕರ ಮುಖವನ್ನು ಆಗ ನೋಡಬೇಕಿತ್ತು.

ಆದರೆ ಎಂಜಿನು ತಿರುಗಿದ್ದಕ್ಕೆ ಮೇಸ್ತ್ರಿ ಅಷ್ಟು ಬೆಲೆ ಕೊಡಲಿಲ್ಲ. ಅದು ಇಸುಜು ಎಂಜಿನು. 1990ರ ದಶಕದಲ್ಲಿ ಅಂಬಾಸಡರಿಗೂ ಅದನ್ನೇ ಹಾಕಿದ್ದರಾದುದರಿಂದ ಬಿಡಿಭಾಗಗಳು ಈಗಲೂ ಅಲ್ಲಲ್ಲಿ ಸಿಕ್ಕುತ್ತವೆ. ಸಿಕ್ಕದಿದ್ದರೆ ಲೇಥಿನವರು ಮಾಡಿಕೊಡುತ್ತಾರೆ. ಅವರ ಕಣ್ಣಿದ್ದುದು ತಗಡಿನ ಮೇಲೆ. ಅಂಗಿಯ ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತವನ್ನು ತೆಗೆದು ಬಾಗಿಲುಗಳ ಕೆಳಗೂ, ಚಕ್ರದ ಕಮಾನುಗಳ ಸುತ್ತಲೂ ಆಡಿಸುತ್ತ ಹೋದರು. ಕೆಲವೆಡೆ ಅದು ಅಂಟಲಿಲ್ಲ. ಅಂಟದ ಕಡೆಯಲ್ಲೆಲ್ಲ ಎಂದೋ ತೂತಾದ ತಗಡನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿದ್ದಾರೆ ಎಂದರ್ಥ. ಕಾಲಡಿಯ ಚಾಪೆಯೆತ್ತಿದರೆ ಒಂದು ಕಡೆ ನೆಲವೇ ಕಾಣಿಸಿತು. ಲಾರಿಗಿರುವಂತೆ ಈ ಕಾರಿಗೆ ಬೇರೆಯಾದ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ತಗಡು ಸತ್ತರೆ ಕಾರಿನ ಬೆನ್ನುಮೂಳೆಯೇ ಸತ್ತಂತೆ. ಬಾಗಿಲಿನ ಒಳಮೈಯಲ್ಲಿ ಒಣಗಿದ ಕೆಸರಿನ ಗೆರೆಯೇನಾದರೂ ಇದೆಯೇ ಎಂದೂ ಅವರು ದೀಪ ಹಿಡಿದು ನೋಡಿದರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಊರಿನ ತಗ್ಗು ಭಾಗಗಳು ದಿನಗಟ್ಟಲೆ ನೀರಿನಲ್ಲಿ ನಿಂತ ಮೇಲೆ ಅಲ್ಲಿಯ ಯಾವ ಮೇಸ್ತ್ರಿಯೂ ಈ ಗೆರೆಯನ್ನು ಹುಡುಕದೆ ಹಳೆಯ ಗಾಡಿಗೆ ಮಾತು ಕೊಡುವುದಿಲ್ಲವಂತೆ. ಅದೃಷ್ಟವಶಾತ್ ಗೆರೆಯಿರಲಿಲ್ಲ. ಪೆಟ್ರೋಲು ಟ್ಯಾಂಕಿನಲ್ಲಿ ಇದ್ದುದು ಪೆಟ್ರೋಲಲ್ಲ, ಅಂಟು. ಗಾಳಿ ಸೋಸುವ ಡಬ್ಬಿಯಲ್ಲಿ ಇಲಿಗಳು ಸಂಸಾರ ಹೂಡಿ ಬಿಟ್ಟುಹೋಗಿದ್ದುವು; ವಯರುಗಳನ್ನು ಕಡಿದಿದ್ದುವು. ಕಡಿದ ವಯರಿಗೆ ಟೇಪು ಸುತ್ತಿ ಓಡಿಸಿದರೆ ಬೆಂಕಿ ತಪ್ಪದು, ಆದುದರಿಂದ ವಯರಿಂಗು ಪೂರಾ ಹೊಸದಾಗಬೇಕು. ಬ್ರೇಕಿನ ರಬ್ಬರುಗಳೂ ನಾಳಗಳೂ ಟಯರುಗಳೂ ಕಣ್ಣಿಗೆ ಚೆನ್ನಾಗಿ ಕಂಡರೂ ಎಸೆಯತಕ್ಕವೇ ಎಂದರು.

ದೋಸೆಯ ಕಾವಲಿಗೆ ನೀರು ಚಿಮುಕಿಸಿ ಅದು ಸಿಡಿಯುವ ಸದ್ದಿನಿಂದಲೇ ಕಾವನ್ನು ಅಳೆಯುವ ಭಟ್ಟರನ್ನು ನಮ್ಮ ವಾಚಕರೆಲ್ಲ ಬಲ್ಲರು. ಆ ಮೇಸ್ತ್ರಿಯೂ ಅದೇ ಶಾಲೆಯವರು. ಕಾರ್ಬ್ಯುರೇಟರನ್ನು ಕಿವಿಯಿಂದ ತಿದ್ದುವವರು. ಇಂದಿನ ಕಾರಿಗೆ ಕಂಪ್ಯೂಟರು ಸಿಕ್ಕಿಸಿ ರೋಗವನ್ನು ಓದುತ್ತಾರೆ. ಅದು ತಪ್ಪಲ್ಲ, ಕಾಲಧರ್ಮ. ಆದರೆ ಅವರ ಗ್ಯಾರೇಜಿನಲ್ಲಿ ಕಲಿಯಲು ನಿಂತ ಹುಡುಗರು ಇಬ್ಬರೇ. ಆ ಇಬ್ಬರಿಗೂ ಕಾರ್ಬ್ಯುರೇಟರು ಬೇಡ. ಹಳೆಯ ಕಾರು ದುಬಾರಿಯಾಗುತ್ತಿರುವುದಕ್ಕೆ ಅದರ ವಯಸ್ಸೊಂದೇ ಕಾರಣವಲ್ಲ, ಅದನ್ನು ಬಲ್ಲ ಕೈಗಳು ಮುಗಿಯುತ್ತಿರುವುದೂ ಕಾರಣವೆಂಬುದನ್ನು ಜನ ಮರೆಯುತ್ತಾರೆ. ಕಾರನ್ನು ಲಕ್ಷಗಳಲ್ಲಿ ಎಣಿಸುವವರೇ ತಗಡು ತಟ್ಟುವವನ ದಿನಗೂಲಿಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾವು ಅಲ್ಲಿಯೇ ಪಕ್ಕದ ಶೆಡ್ಡಿನಲ್ಲಿ ಕಂಡೆವು.

ಇನ್ನು ಬೆಲೆಯ ವಿಷಯ. ಇಂಥ ಕಾರಿಗೆ ಬೆಲೆ ಒಂದೇ ಅಲ್ಲ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುವನು. ಒಂದು ಟನ್ನಿಗೂ ಮೀರಿದ ತೂಕವಿದ್ದರೂ ಅವನು ಕೊಡುವ ಹಣ ನಮ್ಮ ವಾಚಕರ ಬಾಕಿಯ ಮುಂದೆ ಚಿಲ್ಲರೆ. ಇದ್ದಂತೆಯೇ ಕೊಳ್ಳುವ ಹವ್ಯಾಸಿಯೊಬ್ಬ ಬಂದರೆ ಅದಕ್ಕಿಂತ ಹೆಚ್ಚು ಕೊಡಬಹುದು. ಆದರೆ ಅವನು ಮೊದಲು ಕೇಳುವುದು ಕಾಗದಪತ್ರ. ಫೋನಿನಲ್ಲಿ ಕಾಣುವ ಲಕ್ಷಗಟ್ಟಲೆಯ ಬೆಲೆ ಮಾತ್ರ ಬೇರೆಯೇ ಜಾತಿ. ಅದು ಮಾರುವವರು ಕೇಳುವ ಬೆಲೆ, ಕೊಳ್ಳುವವರು ಕೊಟ್ಟ ಬೆಲೆಯಲ್ಲ. ಅದೂ ಪೂರ್ತಿ ರಿಪೇರಿಯಾಗಿ, ಬಣ್ಣ ಹೊಡೆದು, ರಸ್ತೆಯಲ್ಲಿ ಓಡುವ ಕಾರಿಗೆ. ಶೆಡ್ಡಿನಲ್ಲಿ ನಿಂತ ಕಾರಿಗೆ ಆ ಬೆಲೆಯನ್ನು ಹೇಳುವುದೆಂದರೆ ಹೊಲದಲ್ಲಿರುವ ಭತ್ತಕ್ಕೆ ಊಟದ ಬಿಲ್ಲು ಮಾಡಿದಂತೆ. ತಗಡು, ವಯರಿಂಗು, ಬ್ರೇಕು, ಬಣ್ಣ, ಎಲ್ಲಿಯೂ ಸಿಕ್ಕದ ಹಿಂದಿನ ದೀಪ ಮತ್ತು ಗಾಜಿನ ರಬ್ಬರು, ಇವೆಲ್ಲವನ್ನೂ ಪ್ರಾಮಾಣಿಕವಾಗಿ ಮಾಡಿಸಿದರೆ ಖರ್ಚು ಮಾರಾಟದ ಬೆಲೆಯನ್ನು ಮುಟ್ಟುತ್ತದೆ, ಅನೇಕ ಸಲ ಮೀರುತ್ತದೆ ಎಂದು ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲಸ ಸಿಕ್ಕಿದರೆ ಲಾಭವಾಗುವವನೇ ಹೀಗೆ ಹೇಳಿದಾಗ ನಂಬಬೇಕಾಗುತ್ತದೆ.

ಕಾಗದಪತ್ರದ ತೊಡಕಂತೂ ಪರವೂರಿನಲ್ಲಿರುವ ನಮ್ಮಂಥವರಿಗೆ ಇಮ್ಮಡಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಈ ಕಾರಿನದು 2013ರಲ್ಲೇ ಮುಗಿದಿದೆ. ನವೀಕರಿಸಬೇಕಾದರೆ ಓಡಲು ಯೋಗ್ಯವೆಂಬ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಗೊತ್ತುಮಾಡಿದ ನವೀಕರಣ ಶುಲ್ಕ 10,000 ರೂಪಾಯಿ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ನಿಂತರೆ ಅಲ್ಲಿಯ ನಂಬರನ್ನು ಪಡೆಯಬೇಕು. ಅದಕ್ಕೆ ಉಡುಪಿಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು, ಆಂಧ್ರದ ತೆರಿಗೆಯೂ ಕಟ್ಟಬೇಕು. ಮಾಲೀಕರು ತೀರಿಕೊಂಡರೆ ವಾರಸುದಾರರು ಮೂವತ್ತು ದಿನಗಳಲ್ಲಿ ತಿಳಿಸಿ, ಮೂರು ತಿಂಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕೆಂದು ನಿಯಮ. ಧಣಿಯ ಮಕ್ಕಳು ಅದೊಂದನ್ನೂ ಮಾಡಿರಲಿಲ್ಲ. ತಮ್ಮ ಹೆಸರಿಗೇ ಆಗದ ವಸ್ತುವನ್ನು ಅವರು ಇನ್ನೊಬ್ಬರಿಗೆ ಬಾಕಿಯ ಬದಲು ಕೊಡಲು ಹೊರಟಿದ್ದರು!

ಸರಕಾರದವರು 2021ರ ಜುಲೈಯಲ್ಲಿ ಪುರಾತನ ವಾಹನಗಳಿಗೆಂದು ಪ್ರತ್ಯೇಕ ನಿಯಮ ಮಾಡಿದ್ದಾರೆ. ಮೊದಲ ನೋಂದಣಿಯಿಂದ ಐವತ್ತು ವರ್ಷ ತುಂಬಿ, ಮೂಲರೂಪದಲ್ಲಿರುವ ಗಾಡಿಗೆ ‘ವಿ.ಎ.’ ಎಂಬ ಅಕ್ಷರಗಳ ನಂಬರು ಸಿಕ್ಕುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನ, ರ‍್ಯಾಲಿ ಮುಂತಾದುದಕ್ಕಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಕಾಂಟೆಸಾಗಳ ಪೈಕಿ ಅತಿ ಹಳೆಯದಕ್ಕೂ ಈ ಯೋಗ್ಯತೆ ಬರುವುದು 2034ಕ್ಕೆ. ಈ ಕಾರಿಗೆ 2048ಕ್ಕೆ. ಅಲ್ಲಿಯವರೆಗೆ ಅದು ಗುಜರಿಯೂ ಅಲ್ಲ, ಪುರಾತನವೂ ಅಲ್ಲ. ಇಪ್ಪತ್ತೈದು ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಗಾಡಿಗಳಿಗೆ, ವರ್ಷಕ್ಕೆ ಇಂತಿಷ್ಟೇ ದಿನ ಓಡಿಸಬೇಕೆಂಬ ಕಟ್ಟುಪಾಡಿನ ಮೇಲೆ, ಒಂದು ನಡುವಣ ದರ್ಜೆಯನ್ನು ಸರಕಾರ ಯೋಚಿಸಬಾರದೇಕೆ? ಧರ್ಮಸ್ಥಳದ ಹೆಗ್ಗಡೆಯವರಂತೆ ಹಳೆಯ ಕಾರುಗಳನ್ನು ಕೂಡಿಸಿ ಜನರಿಗೆ ತೋರಿಸುವ ಸಾಮರ್ಥ್ಯ ಎಲ್ಲರಿಗೂ ಇರುವುದಿಲ್ಲ. ಹೊಗೆಯ ಪ್ರಶ್ನೆಯನ್ನು ನಾವು ಅಲ್ಲಗಳೆಯುವುದಿಲ್ಲ. ದಿನವೂ ಹೊಗೆಯುಗುಳುವ ಗಾಡಿ ರಸ್ತೆಯಿಂದ ಹೋಗಬೇಕಾದದ್ದೇ. ತಿಂಗಳಿಗೊಂದು ಭಾನುವಾರ ಹೊರಡುವ ಕಾರನ್ನು ಅದರ ಸಾಲಿನಲ್ಲಿ ನಿಲ್ಲಿಸುವುದು ಮಾತ್ರ ನಮಗೆ ಸರಿದೋರುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕಾರು ಹೇಗೇ ಇರಲಿ, ಅದು ಬಾಕಿಯ ಬದಲಾಗಲಾರದು. ಐದು ವರ್ಷ ಎಡೆಬಿಡದೆ ದುಡಿದವನಿಗೆ ಗ್ರಾಚ್ಯುಟಿಯ ಹಕ್ಕು 1972ರಲ್ಲಿ ಕಾನೂನಾಗಿ ಬಂದಿತು. ಹತ್ತು ಮಂದಿಯೋ ಹೆಚ್ಚೋ ದುಡಿಯುತ್ತಿದ್ದ ಹೋಟೆಲಿಗೆ ಅದು ಅನ್ವಯಿಸುತ್ತದೆ. ಆಮೇಲೆ ಕೆಲಸದವರ ಸಂಖ್ಯೆ ಇಳಿದರೂ ತಪ್ಪುವುದಿಲ್ಲ. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ಸಂಬಳವನ್ನೂ ತುಟ್ಟಿಭತ್ಯವನ್ನೂ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 15,600 ರೂಪಾಯಿ ಇದ್ದವನಿಗೆ ದಿನಕ್ಕೆ 600, ವರ್ಷಕ್ಕೆ 9,000, ಇಪ್ಪತ್ತನಾಲ್ಕು ವರ್ಷಕ್ಕೆ 2,16,000. ಊಟ ವಸತಿ ಕೊಟ್ಟೆವೆಂದು ಇದರಲ್ಲಿ ಮುರಿದುಕೊಳ್ಳುವಂತಿಲ್ಲ. ಕೊಡಬೇಕಾದುದು ಹಣ, ನೀಡಬೇಕಾದುದು ಮೂವತ್ತು ದಿನಗಳೊಳಗೆ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಹಾಕಬಹುದು. ದುಡಿದುದಕ್ಕೆ ಪುರಾವೆಯಾಗಿ ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ನಂಬರು, ಇ.ಎಸ್.ಐ. ಕಾರ್ಡು, ಇವುಗಳಲ್ಲಿ ಯಾವುದಿದ್ದರೂ ಜೋಪಾನವಾಗಿಡಿರಿ.

ನಮ್ಮ ವಾಚಕರು ಇದನ್ನು ಕೇಳಿ ಸಂಕೋಚಪಟ್ಟರು. "ಧಣಿಗಳ ಮಕ್ಕಳ ಮೇಲೆ ಅರ್ಜಿ ಹಾಕಲೇ? ಎತ್ತಿ ಆಡಿಸಿದ ಮಕ್ಕಳು" ಎಂದರು. ಈ ಸಂಕೋಚವನ್ನು ನಾವು ಬಲ್ಲೆವು. ಹೋಟೆಲಿನಲ್ಲಿ ಸಂಬಳಕ್ಕಿಂತ ಋಣದ ಲೆಕ್ಕವೇ ದೊಡ್ಡದು. ಆದರೆ ರೈಲಿಗೆ ಮುಟ್ಟಿಸಿದ ಋಣ ಧಣಿಗಳದು, ಬಾಕಿ ಅಂಗಡಿಯದು. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬಾರದು. ನಾವು ಸೂಚಿಸಿದ್ದು ಇಷ್ಟೆ: ಮೊದಲು ಬಾಕಿ ಬರಲಿ, ಅನಂತರ ಮಕ್ಕಳು ಕಾರನ್ನು ತಂದೆಯ ಸ್ಮರಣಾರ್ಥ ಕೊಡುವುದಾದರೆ, ತಮ್ಮ ಹೆಸರಿಗೆ ವರ್ಗ ಮಾಡಿಸಿಕೊಂಡು, ಕೊಡಲಿ. ಬಾಕಿಯ ಹಣವನ್ನು ಕಾರಿಗೆ ಸುರಿಯುವುದಂತೂ ಕೂಡದು. ಅದು ಮಗಳ ಓದಿನ ಹಣ. ಮೇಸ್ತ್ರಿಯ ಎಣಿಕೆಯ ಖರ್ಚನ್ನು ಒಬ್ಬರೇ ಹೊರುವುದು ಹುಚ್ಚು. ಧಣಿಗಳ ಕೈಕೆಳಗೆ ದುಡಿದು ಈಗ ಬೇರೆ ಬೇರೆ ಊರುಗಳಲ್ಲಿ ಸ್ವಂತ ಹೋಟೆಲು ಇಟ್ಟವರು ಏಳೆಂಟು ಮಂದಿಯಿದ್ದಾರೆ. ಅವರು ಸೇರಿ, ಅವಸರವಿಲ್ಲದೆ, ಎರಡು ವರ್ಷದ ಮೇರೆಗೆ ಮಾಡಿಸುವುದಾದರೆ ಆಗಲಿ. ಮೊದಲ ವರ್ಷ ತಗಡು, ಎರಡನೆಯ ವರ್ಷ ಉಳಿದುದು.

ಇನ್ನೊಂದು ಎಚ್ಚರ. ಅಲ್ಲಿಯೇ ಇದ್ದ ತರುಣರೊಬ್ಬರು ಹಳೆಯ ಎಂಜಿನನ್ನು ಕಿತ್ತೆಸೆದು ಹೊಸ ಡೀಸೆಲ್ ಎಂಜಿನು ಕೂಡಿಸಿ, ಅಗಲದ ಟಯರು ಹಾಕಿ, ನಿಜವಾದ ಪೈಲ್ವಾನನನ್ನೇ ಮಾಡೋಣವೆಂದು ಉತ್ಸಾಹದಿಂದ ಹೇಳಿದರು. ಮೋಟಾರು ವಾಹನ ಕಾನೂನಿನ 52ನೆಯ ಕಲಮು ತಯಾರಕರು ಗೊತ್ತುಮಾಡಿದ ರೂಪವನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ. ಕಾನೂನು ಹಾಗಿರಲಿ, ಮುಂದೆ ಎಂದಾದರೂ ಈ ಕಾರಿಗೆ ನಾಲ್ಕು ಕಾಸು ಹೆಚ್ಚು ಬರುವುದಾದರೆ ಅದು ಉತ್ತರಪಾರಾದಿಂದ ಹೊರಟ ದಿನ ಹೇಗಿತ್ತೋ ಹಾಗಿರುವುದರಿಂದಲೇ ಬರುತ್ತದೆ.

ನಾವು ಹಿಂತಿರುಗಿ ಬಂದ ಬಳಿಕ ನಮ್ಮ ವಾಚಕರಿಂದ ಎರಡು ಕಾಗದಗಳು ಬಂದುವು. ಮೊದಲನೆಯದರಲ್ಲಿ ಹಿರಿಯ ಮಗ ಮುನಿಸಿಕೊಂಡರೆಂದಿತ್ತು. ಎರಡನೆಯದರಲ್ಲಿ ಕಿರಿಯ ಮಗ ಬೆಂಗಳೂರಿನಿಂದ ಫೋನು ಮಾಡಿ ಲೆಕ್ಕವನ್ನು ಒಪ್ಪಿಕೊಂಡು, ಮೂರು ಕಂತುಗಳಲ್ಲಿ ಕೊಡುವುದಾಗಿ ಹೇಳಿದರೆಂದೂ ಮೊದಲ ಕಂತು ಬ್ಯಾಂಕಿಗೆ ಬಂದಿತೆಂದೂ ಇತ್ತು. ಕಾರಿನ ಆರ್.ಸಿ. ಪುಸ್ತಕ ಊರಿನ ಮನೆಯ ಕಪಾಟಿನಲ್ಲಿ ಸಿಕ್ಕಿದೆಯಂತೆ. ಮೇಸ್ತ್ರಿ ಕಾರನ್ನು ಜಾಕಿನಿಂದೆತ್ತಿ ನಾಲ್ಕು ಮೂಲೆಗೂ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ್ದಾರೆ. ವಾರಕ್ಕೊಮ್ಮೆ ಎಂಜಿನನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಿದ್ದಾರೆ. ಅದಕ್ಕೆ ಕೂಲಿ ಎಷ್ಟೆಂದು ಕೇಳಿದರೆ, ಕೆಲಸ ಶುರುವಾಗಲಿ, ಆಮೇಲೆ ಹೇಳುತ್ತೇನೆ ಎಂದರಂತೆ. ಶುರುವಾಗುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿರೆಂದು ನಾವು ಉತ್ತರ ಬರೆದಿದ್ದೇವೆ.